ಸೋಲನ್ನು ಒಬ್ಬನ ತಲೆಗೆ ಕಟ್ಟಬೇಡ

ನಿನ್ನ ತಂಡ ಸೋತ ಮೇಲೆ ಮೊದಲ ಒಂದು ಗಂಟೆ ಫೋನ್ ಮುಟ್ಟಬೇಡ. ನಾನು ಹೇಳಬೇಕೆಂದಿರುವುದರಲ್ಲಿ ಮುಕ್ಕಾಲು ಪಾಲು ಇಷ್ಟೇ. ಉಳಿದ ಕಾಲು ಪಾಲಿಗೆ ಇಷ್ಟುದ್ದ ಬರೆಯಬೇಕಾಯಿತು. ನಿಮ್ಮ ವಯಸ್ಸಿನವರಿಗೆ ಬೇಡ ಅಂದರೆ ಸಾಲದು, ಯಾಕೆ ಬೇಡ ಅನ್ನುವುದನ್ನೂ ಹೇಳಬೇಕು. ನಮ್ಮ ಕಾಲದಲ್ಲಿ ಯಾಕೆ ಅಂತ ಕೇಳಿದರೆ ಬೆನ್ನಿಗೆ ಒಂದು ಗುದ್ದು ಬೀಳುತ್ತಿತ್ತು. ಅದೇನು ಒಳ್ಳೆಯ ಪದ್ಧತಿಯಾಗಿರಲಿಲ್ಲ, ಬಿಡು.

ಐಪಿಎಲ್ ಪಂದ್ಯ ಮುಗಿಯುವುದು ರಾತ್ರಿ ಹನ್ನೊಂದಕ್ಕೋ ಹನ್ನೊಂದೂವರೆಗೋ. ಅಷ್ಟು ಹೊತ್ತಿಗೆ ಕೂಗಿ ಕೂಗಿ ಗಂಟಲು ಕಟ್ಟಿರುತ್ತದೆ, ಊಟ ಆರಿಹೋಗಿರುತ್ತದೆ, ಗೆಳೆಯರ ಗುಂಪಿನಲ್ಲಿ ಎದುರು ತಂಡದ ಕಡೆಯವನೊಬ್ಬ ಕಿಚಾಯಿಸಲು ಕಾದು ಕೂತಿರುತ್ತಾನೆ. ಫೋನ್ ತೆಗೆದರೆ ಮೊದಲು ಎದುರಾಗುವುದು ಹದಿನೈದು ಸೆಕೆಂಡಿನ ಒಂದು ವಿಡಿಯೊ ತುಣುಕು. ಕೈಬಿಟ್ಟ ಒಂದು ಕ್ಯಾಚು, ಇಲ್ಲವೇ ಕೊನೆಯ ಓವರಿನ ಒಂದು ಫುಲ್‌ಟಾಸ್. ಅದನ್ನು ಒಂದಲ್ಲ ಹತ್ತು ಸಲ ನೋಡುತ್ತೀಯ. ಹತ್ತನೆಯ ಸಲಕ್ಕೆ ಮೂರೂವರೆ ಗಂಟೆಯ ಆಟವೆಲ್ಲ ಮರೆತುಹೋಗಿ ಆ ಒಬ್ಬ ಆಟಗಾರ ಮಾತ್ರ ಕಣ್ಣ ಮುಂದೆ ನಿಂತಿರುತ್ತಾನೆ. ಮಾಡಿದ್ದೆಲ್ಲ ಅವನೇ ಅನ್ನಿಸುತ್ತದೆ. ಅಲ್ಲಿಂದ ಮುಂದಕ್ಕೆ ಕೆಳಗಿನ ಕಾಮೆಂಟಿಗೆ ಒಂದು ಬೆರಳಿನಷ್ಟೇ ದೂರ.

ನಾನು ಆಡಿದ್ದಕ್ಕಿಂತ ಸ್ಕೋರ್ ಬರೆದದ್ದೇ ಹೆಚ್ಚು. ಮೈಸೂರಿನ ಲೀಗ್ ಪಂದ್ಯಗಳಲ್ಲಿ, ಕಾಲೇಜು ಪಂದ್ಯಗಳಲ್ಲಿ, ಶಾಮಿಯಾನದ ಕೆಳಗೆ ಒಂದು ಅಲುಗಾಡುವ ಮೇಜು, ಎರಡು ಕುರ್ಚಿ. ಎರಡೂ ತಂಡದ ಸ್ಕೋರರ್‌ಗಳು ಅಕ್ಕಪಕ್ಕ ಕೂರಬೇಕು, ಅದು ಆ ಕೆಲಸದ ಕಟ್ಟಳೆ. ಅಂಪೈರ್ ಸನ್ನೆ ಮಾಡಿದರೆ ಇಬ್ಬರಲ್ಲೊಬ್ಬರು ಕೈ ಎತ್ತಿ ಒಪ್ಪಿಗೆ ತೋರಿಸಬೇಕು. ಓವರು ಮುಗಿದ ಕೂಡಲೇ ಪಕ್ಕದವನ ಪುಸ್ತಕದ ಜೊತೆ ತಾಳೆ ನೋಡಬೇಕು. ನಮ್ಮ ಹುಡುಗನ ಬೌಲಿಂಗಿಗೆ ಎದುರಿನವನು ಸಿಕ್ಸರ್ ಎತ್ತಿದರೆ ಆ ಆರನ್ನು ನಾನೇ ನನ್ನ ಕೈಯಾರೆ, ಓದಲು ಬರುವ ಹಾಗೆ ಬರೆಯಬೇಕು. ಸಿಟ್ಟು ಬಂತು ಅಂತ ಪೆನ್ಸಿಲ್ ಒತ್ತಿದರೆ ಮುರಿಯುವುದು ಪೆನ್ಸಿಲ್ಲೇ.

ಪಂದ್ಯ ಮುಗಿದ ಮೇಲೆ ಕೂಡಿಸುವ ಕೆಲಸ. ಬ್ಯಾಟರ್‌ಗಳ ರನ್ನಿಗೆ ಇತರೆ ರನ್ನು ಸೇರಿಸಿದರೆ ಬರುವ ಮೊತ್ತ, ಬೌಲರ್‌ಗಳು ಕೊಟ್ಟ ರನ್ನಿಗೆ ಬೈ, ಲೆಗ್‌ಬೈ ಸೇರಿಸಿದರೆ ಬರುವ ಮೊತ್ತಕ್ಕೆ ಸರಿಹೊಂದಬೇಕು. ಒಂದು ರನ್ನು ಹೆಚ್ಚುಕಡಿಮೆಯಾದರೂ ಮೊದಲ ಓವರಿನಿಂದ ಮತ್ತೆ ಎಣಿಸಬೇಕು. ಹಾಗೆ ಎಣಿಸುವಾಗ ಸೋಲು ಕಣ್ಣಿಗೆ ಬೀಳುತ್ತದೆ ನೋಡು. ಮೂರನೆಯ ಓವರಿನಲ್ಲಿ ಸುಮ್ಮನೆ ಕೊಟ್ಟ ಎರಡು ವೈಡು. ಎಂಟನೆಯ ಓವರಿನಲ್ಲಿ ಸಾಲಾಗಿ ಐದು ಚುಕ್ಕಿ, ಅಂದರೆ ರನ್ನೇ ಬಾರದ ಐದು ಎಸೆತ. ನಡುವೆ ಎಲ್ಲೋ ಎರಡು ಓಡಬಹುದಾಗಿದ್ದಲ್ಲಿ ಒಂದು. ಕೊನೆಯ ಎಸೆತದಲ್ಲಿ ಔಟಾದವನ ಹೆಸರಿನ ಮುಂದೆ ಜನ ಬೆರಳಿಡುತ್ತಾರೆ. ಪುಸ್ತಕದಲ್ಲಿ ಮಾತ್ರ ಸೋಲು ಎರಡು ಪುಟಕ್ಕೂ ಹರಡಿಕೊಂಡಿರುತ್ತದೆ.

ಅದಕ್ಕೇ ಹೇಳುತ್ತೇನೆ, ಬೈಯುವ ಮೊದಲು ಸ್ಕೋರ್‌ಕಾರ್ಡನ್ನು ಪೂರ್ತಿ ಓದು. ಓದಿ ಮುಗಿಸುವಷ್ಟರಲ್ಲಿ ಅರ್ಧ ಬೈಗುಳ ತಾನೇ ಇಳಿದುಹೋಗುತ್ತದೆ.

2016ರ ಮೇ 29ನ್ನೇ ತಗೋ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಫೈನಲ್, ನಮ್ಮೂರು, ನಮ್ಮ ಜನ. ಹೈದರಾಬಾದಿನವರು 208 ಹೊಡೆದರು. ಶೇನ್ ವಾಟ್ಸನ್ ನಾಲ್ಕು ಓವರಿಗೆ 61 ರನ್ ಕೊಟ್ಟ, ಕೊನೆಯ ಓವರೊಂದರಲ್ಲೇ 24. ಆರ್‌ಸಿಬಿ 200ಕ್ಕೆ ನಿಂತು ಎಂಟು ರನ್ನಿಂದ ಸೋತಿತು. ಅಂದಿನಿಂದ ಇಂದಿನವರೆಗೆ ಬೆಂಗಳೂರಿನ ಯಾವ ಟೀ ಅಂಗಡಿಯಲ್ಲಿ ಕೇಳಿದರೂ ಕಪ್ ಕಳೆದವನು ವಾಟ್ಸನ್. ಈಗ ಕಾರ್ಡಿನ ಇನ್ನೊಂದು ಅರ್ಧ ನೋಡು. ಗೇಲ್, ಕೊಹ್ಲಿ ಸೇರಿ ಹತ್ತೂವರೆ ಓವರಿನಲ್ಲಿ 114 ರನ್ ಮಾಡಿದ ಮೇಲೆ ಮೊದಲ ವಿಕೆಟ್ ಬಿದ್ದದ್ದು. ಅಲ್ಲಿಂದ 57 ಎಸೆತಕ್ಕೆ 95 ರನ್, ಕೈಯಲ್ಲಿ ಒಂಬತ್ತು ವಿಕೆಟ್. ಆ ಜಾಗದಿಂದ ಗೆಲ್ಲಲಾಗದ್ದು ವಾಟ್ಸನ್ ಒಬ್ಬನ ಪಾಪವೇ? ಆ ಮನುಷ್ಯ ಎಂಟು ವರ್ಷ ಕಳೆದ ಮೇಲೆ, 2024ರಲ್ಲಿ, ಬೆಂಗಳೂರಿಗೆ ಬಂದಾಗ ಆ ರಾತ್ರಿಗಾಗಿ ಆರ್‌ಸಿಬಿ ಅಭಿಮಾನಿಗಳ ಕ್ಷಮೆ ಕೇಳಿದ. ಕೇಳಿದ್ದು ಅವನ ದೊಡ್ಡತನ. ಎಂಟು ವರ್ಷ ಅದನ್ನು ಹೊರಿಸಿದ ನಮ್ಮದನ್ನು ಏನೆಂದು ಕರೆಯುತ್ತೀಯೋ ನೀನೇ ಹೇಳು.

ವಾಟ್ಸನ್‌ಗೆ ಬಿದ್ದದ್ದು ಮಾತು ಮಾತ್ರ. 2021ರ ಅಕ್ಟೋಬರ್ 11ರಂದು ಶಾರ್ಜಾದಲ್ಲಿ ಕೋಲ್ಕತ್ತ ವಿರುದ್ಧ ಎಲಿಮಿನೇಟರ್ ಸೋತಾಗ ಡ್ಯಾನ್ ಕ್ರಿಶ್ಚಿಯನ್ ಒಂದು ಓವರಿನಲ್ಲಿ 22 ರನ್ ಕೊಟ್ಟಿದ್ದ. ಹೌದು, ದುಬಾರಿ ಓವರೇ. ಆದರೆ ನಮ್ಮವರು ಇಪ್ಪತ್ತು ಓವರಿಗೆ ಗಳಿಸಿದ್ದು ಬರೀ 138. ಅಭಿಮಾನಿಗಳು ಅನ್ನಿಸಿಕೊಂಡವರು ಹೋಗಿ ಬೈದದ್ದು ಯಾರನ್ನು ಗೊತ್ತೇ? ಕ್ರಿಶ್ಚಿಯನ್‌ನ ಸಂಗಾತಿಯನ್ನು. ಆಕೆ ಆಗ ಬಸುರಿ. ಅವಳ ಇನ್‌ಸ್ಟಾಗ್ರಾಂ ಪುಟಕ್ಕೆ ಹೋಗಿ ಹೊಲಸು ಸುರಿದರು. ಅವಳನ್ನು ಇದರಿಂದ ಹೊರಗಿಡಿ ಎಂದು ಆ ಆಟಗಾರ ಕೈಮುಗಿಯಬೇಕಾಯಿತು.

2023ರ ಮೇ 21, ಮತ್ತೆ ಚಿನ್ನಸ್ವಾಮಿ. ಕೊಹ್ಲಿ ಶತಕ ಹೊಡೆದರು, ಶುಭಮನ್ ಗಿಲ್ 52 ಎಸೆತಕ್ಕೆ 104 ಹೊಡೆದು ಅದಕ್ಕೆ ಉತ್ತರ ಕೊಟ್ಟರು, ನಮ್ಮ ಪ್ಲೇಆಫ್ ಆಸೆ ಅಲ್ಲಿಗೆ ಮುಗಿಯಿತು. ಕ್ರಿಕೆಟ್ ಅಂದರೆ ಹೀಗಿರಬೇಕು ಅನ್ನುವಂಥ ಪಂದ್ಯ ಅದು, ಎರಡು ಕಡೆಯೂ ಶತಕ. ಆ ರಾತ್ರಿ ಗಿಲ್ ಅವರ ಅಕ್ಕನಿಗೆ ಬಂದ ಬೈಗುಳ ಎಂಥದ್ದೆಂದರೆ ದೆಹಲಿಯ ಮಹಿಳಾ ಆಯೋಗವೇ ಎಚ್ಚರಿಕೆ ಕೊಡಬೇಕಾಯಿತು. ಚೆನ್ನಾಗಿ ಆಡಿದವನ ಅಕ್ಕನನ್ನು ಬೈಯುವುದು ಯಾವ ಊರಿನ ಅಭಿಮಾನ? ನನಗಂತೂ ಅರ್ಥವಾಗಿಲ್ಲ. ಇಷ್ಟು ಮಾತ್ರ ನೆನಪಿಟ್ಟುಕೋ. ಮೈದಾನದ ಗೆರೆಯೊಳಗೆ ಇರುವವರು ಹನ್ನೊಂದು ಮತ್ತು ಹನ್ನೊಂದು, ಜೊತೆಗೆ ಅಂಪೈರ್‌ಗಳು. ಅಮ್ಮ, ಹೆಂಡತಿ, ಅಕ್ಕ, ಮಗು ಇವರ್‍ಯಾರೂ ಟಾಸಿಗೆ ಬಂದಿರುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 2021ರ ಅಕ್ಟೋಬರ್ 24ರಂದು ದುಬೈನಲ್ಲಿ ಪಾಕಿಸ್ತಾನದ ಎದುರು ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಹತ್ತು ವಿಕೆಟ್ ಅಂದರೆ ನಮ್ಮ ಯಾವ ಬೌಲರಿಗೂ ಒಂದು ವಿಕೆಟ್ ಕೂಡ ಇಲ್ಲ. ಬೈಗುಳ ಮಾತ್ರ ಒಬ್ಬ ಮೊಹಮ್ಮದ್ ಶಮಿಗೆ. ಯಾಕೆ ಅಂತ ನಿನಗೂ ಗೊತ್ತು ನನಗೂ ಗೊತ್ತು. ಮರುವರ್ಷ ಏಷ್ಯಾ ಕಪ್‌ನಲ್ಲಿ ಅರ್ಷದೀಪ್ ಸಿಂಗ್ ಒಂದು ಕ್ಯಾಚು ಬಿಟ್ಟ. ಆ ಹುಡುಗ ಕೊನೆಯ ಓವರಿನಲ್ಲಿ ಏಳೇ ರನ್ ಕೈಲಿಟ್ಟುಕೊಂಡು ಐದನೆಯ ಎಸೆತದವರೆಗೆ ಪಂದ್ಯ ಎಳೆದದ್ದು ಯಾರಿಗೂ ಕಾಣಲಿಲ್ಲ, ಅವನ ತಲೆಯ ಪೇಟ ಕಂಡಿತು. ದೇಶದ್ರೋಹಿ ಅಂದರು. ಅದೇ ಅರ್ಷದೀಪ್ 2024ರ ಟಿ20 ವಿಶ್ವಕಪ್‌ನಲ್ಲಿ 17 ವಿಕೆಟ್ ತೆಗೆದು ಕಪ್ ತಂದವರಲ್ಲಿ ಒಬ್ಬನಾದ. ಆಗ ಎಲ್ಲರೂ ಅವನ ಫೋಟೊ ಸ್ಟೇಟಸ್‌ಗೆ ಹಾಕಿಕೊಂಡರು. ಸೋತ ದಿನ ಜಾತಿ ಧರ್ಮ ನೆನಪಾಗುವವನಿಗೆ ಕ್ರಿಕೆಟ್ ಒಂದು ನೆಪ ಅಷ್ಟೇ. ಅಂಥವನ ಜೊತೆ ಸೇರಿ ಕೂಗಬೇಡ, ಅವನು ನಿನ್ನ ತಂಡದವನಲ್ಲ.

ಶಮಿ ಪರವಾಗಿ ನಿಂತದ್ದಕ್ಕೆ ಕೊಹ್ಲಿಯ ಹಸುಗೂಸಿಗೆ ಬೆದರಿಕೆ ಬಂತಲ್ಲ, ಆ ಪ್ರಕರಣದಲ್ಲಿ ಮುಂಬೈ ಪೊಲೀಸರು ಬಂಧಿಸಿದ್ದು ರೌಡಿಯನ್ನಲ್ಲ, ಎಂಜಿನಿಯರಿಂಗ್ ಓದಿದ ಒಬ್ಬ ಯುವಕನನ್ನು. 2024ರಲ್ಲಿ ಕೊಹ್ಲಿ ಕಡೆಯವರ ಒಪ್ಪಿಗೆಯ ಮೇಲೆ ಹೈಕೋರ್ಟ್ ಮೊಕದ್ದಮೆ ರದ್ದುಮಾಡಿತು. ಆದರೂ ನಡುವಿನ ಎರಡು ವರ್ಷಕ್ಕೂ ಮಿಕ್ಕ ಕಾಲ ಕೋರ್ಟು ಕಾಗದಗಳ ನೆರಳಿನಲ್ಲಿ ಆ ಹುಡುಗನ ಮನೆಯವರು ಹೇಗೆ ಕಳೆದಿರಬಹುದು ಯೋಚಿಸು. ಕ್ಯಾಂಪಸ್ ಇಂಟರ್‌ವ್ಯೂಗೆ ತಯಾರಾಗುತ್ತಿರುವ ನಿನಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಿಂದಿನವರೆಲ್ಲ ಸಾಧುಗಳಾಗಿದ್ದರು ಅಂತ ನಾನು ಹೇಳಿದರೆ ನಂಬಬೇಡ. 1996ರ ಮಾರ್ಚ್ 13, ಈಡನ್ ಗಾರ್ಡನ್ಸ್, ವಿಶ್ವಕಪ್ ಸೆಮಿಫೈನಲ್. ಶ್ರೀಲಂಕಾದ 251ನ್ನು ಬೆನ್ನಟ್ಟಿದ ಭಾರತ ಒಂದು ವಿಕೆಟ್‌ಗೆ 98 ಇತ್ತು. ತೆಂಡೂಲ್ಕರ್ 65ಕ್ಕೆ ಸ್ಟಂಪ್ ಆದರು. ಅಷ್ಟರಲ್ಲಿ ಪಿಚ್ ಪುಡಿಯಾಗತೊಡಗಿತ್ತು, ಚೆಂಡು ಅಡ್ಡಾದಿಡ್ಡಿ ತಿರುಗುತ್ತಿತ್ತು, ನೋಡನೋಡುತ್ತ 120ಕ್ಕೆ ಎಂಟು. ಬಾಟಲಿಗಳು ಮೈದಾನಕ್ಕೆ ಬಿದ್ದವು, ಗ್ಯಾಲರಿಯಲ್ಲಿ ಬೆಂಕಿ ಎದ್ದಿತು. ರೆಫರಿ ಕ್ಲೈವ್ ಲಾಯ್ಡ್ ಆಟಗಾರರನ್ನು ಒಳಗೆ ಕರೆಸಿದರು, ಮತ್ತೊಮ್ಮೆ ಆಡಿಸಲು ನೋಡಿದರು, ಆಗಲಿಲ್ಲ, ಪಂದ್ಯವನ್ನು ಶ್ರೀಲಂಕಾಕ್ಕೆ ಕೊಟ್ಟರು. ಔಟಾಗದೆ ಉಳಿದಿದ್ದ ವಿನೋದ್ ಕಾಂಬ್ಳಿ ಅಳುತ್ತ ಹೊರಬಂದದ್ದನ್ನು ನಾವು ದೂರದರ್ಶನದಲ್ಲಿ ನೋಡಿದೆವು. ಮರುದಿನದಿಂದ ಶುರುವಾಯಿತು, ಟಾಸ್ ಗೆದ್ದು ಬೌಲಿಂಗ್ ತೆಗೆದುಕೊಂಡ ಅಜರುದ್ದೀನ್‌ದೇ ತಪ್ಪು ಎಂಬ ಕೂಗು. ಅವತ್ತು ಫೋನ್ ಇರಲಿಲ್ಲ, ಸೀಮೆಣ್ಣೆ ಇತ್ತು. ಬೀದಿ ಬೀದಿಯಲ್ಲಿ ಪ್ರತಿಕೃತಿ ಸುಟ್ಟರು. 2007ರಲ್ಲಿ ರಾಹುಲ್ ದ್ರಾವಿಡ್ ನಾಯಕತ್ವದ ತಂಡ ವಿಶ್ವಕಪ್‌ನ ಮೊದಲ ಪಂದ್ಯದಲ್ಲೇ ಬಾಂಗ್ಲಾದೇಶಕ್ಕೆ ಸೋತಾಗ ರಾಂಚಿಯಲ್ಲಿ ಧೋನಿ ಕಟ್ಟಿಸುತ್ತಿದ್ದ ಮನೆಯ ಮೇಲೆ ಜನ ನುಗ್ಗಿದರು. ನಾಲ್ಕು ವರ್ಷಕ್ಕೆ ಅದೇ ಧೋನಿ ವಿಶ್ವಕಪ್ ಎತ್ತಿದರು. ಅಂದು ನುಗ್ಗಿದವರೂ ಆ ರಾತ್ರಿ ಪಟಾಕಿ ಹೊಡೆದಿರಬೇಕು, ನನಗೆ ಅನುಮಾನವಿಲ್ಲ.

ಆದರೆ ಇದೇ ದೇಶದಲ್ಲಿ ಇನ್ನೊಂದು ದಿನವೂ ಇದೆ. 1999ರ ಜನವರಿ 31, ಚೆನ್ನೈನ ಚೆಪಾಕ್. ಆ ತಿಂಗಳಲ್ಲೇ ಪಾಕಿಸ್ತಾನ ತಂಡ ಬರಬಾರದು ಎಂದು ದೆಹಲಿಯಲ್ಲಿ ಕೆಲವರು ಪಿಚ್ ಅಗೆದುಹಾಕಿದ್ದರು. ಗಾಳಿಯೇ ಬಿಸಿಯಾಗಿತ್ತು. 271 ರನ್ ಗುರಿ, ತೆಂಡೂಲ್ಕರ್ ಬೆನ್ನುನೋವಿನಲ್ಲಿ 136. ಗೆಲ್ಲಲು ಇನ್ನು 17 ರನ್ ಬೇಕಿದ್ದಾಗ ಅವರು ಔಟ್, ಆಮೇಲೆ ಉಳಿದವರೆಲ್ಲ ಸೇರಿ ಮಾಡಿದ್ದು ನಾಲ್ಕು. ಹನ್ನೆರಡು ರನ್ನಿನ ಸೋಲು. ಚೆಪಾಕಿನ ಜನ ಒಂದು ಗಳಿಗೆ ಸ್ತಬ್ಧರಾದರು, ಆಮೇಲೆ ಎದ್ದು ನಿಂತರು, ಚಪ್ಪಾಳೆ ತಟ್ಟಿದರು. ವಾಸಿಂ ಅಕ್ರಮ್‌ನ ತಂಡ ಆ ಚಪ್ಪಾಳೆಯ ನಡುವೆ ಮೈದಾನ ಸುತ್ತು ಹಾಕಿತು. ಮೂರು ವಾರದೊಳಗೆ ಈಡನ್‌ನಲ್ಲಿ ಅದೇ ಎರಡು ತಂಡ, ತೆಂಡೂಲ್ಕರ್ ರನೌಟ್ ಆದದ್ದಕ್ಕೆ ಗಲಾಟೆ, ಕೊನೆಯ ದಿನ ಪ್ರೇಕ್ಷಕರನ್ನೆಲ್ಲ ಹೊರಗೆ ಕಳಿಸಿ ಖಾಲಿ ಗ್ಯಾಲರಿಯ ಮುಂದೆ ಪಂದ್ಯ ಮುಗಿಸಬೇಕಾಯಿತು. ಎರಡು ಕಡೆಯೂ ಸೋತದ್ದು ನಾವೇ. ಇಂದಿಗೂ ಪಾಕಿಸ್ತಾನದ ಹಳೆಯ ಆಟಗಾರರು ಎದೆತುಂಬಿ ನೆನೆಯುವುದು ಚೆಪಾಕನ್ನು.

ದೂರದ ಮಾತು ಯಾಕೆ, ನಮ್ಮ ಮೈಸೂರಿನ ಮಾನಸಗಂಗೋತ್ರಿಯ ಮೈದಾನವೇ ಇದೆಯಲ್ಲ. 2010ರ ಜನವರಿ, ರಣಜಿ ಫೈನಲ್, ಮುಂಬೈ ಎದುರು ಕರ್ನಾಟಕ. ರಣಜಿ ಪಂದ್ಯಕ್ಕೆ ನಾಯಿ ಕೂಡ ಬರುವುದಿಲ್ಲ ಅಂತ ಹೇಳುವ ಕಾಲದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅದು ಸಂಕ್ರಾಂತಿಯ ದಿನ ಬೇರೆ. ಗೆಲ್ಲಲು 338 ಬೇಕು. ಮನೀಶ್ ಪಾಂಡೆಗೆ ಆಗ ಇಪ್ಪತ್ತೇ ವರ್ಷ. ಅವನು 144 ಹೊಡೆದ, ಗಣೇಶ್ ಸತೀಶ್ 75. ಇವರಿಬ್ಬರೂ ನಿಂತಿದ್ದಾಗ ಪಂದ್ಯ ನಮ್ಮದೇ ಎಂದು ಪಕ್ಕದ ಬೆಂಚಿನ ಹಿರಿಯರೊಬ್ಬರು ಎಳ್ಳುಬೆಲ್ಲದ ಪೊಟ್ಟಣ ಬಿಚ್ಚಿ ಗುರುತಿಲ್ಲದವರಿಗೆಲ್ಲ ಹಂಚಿದರು. ಆಮೇಲೆ ಅಗರ್ಕರ್ ಬೌಲಿಂಗಿಗೆ ಒಬ್ಬೊಬ್ಬರೇ ಉದುರಿದರು. ಬಾಲಂಗೋಚಿಗಳು ಒಂದೊಂದು ರನ್ ಕದ್ದಾಗಲೂ ಜಾತ್ರೆಯ ಕೂಗು. 331ಕ್ಕೆ ಮುಗಿಯಿತು, ಆರು ರನ್ನಿನ ಸೋಲು. ನನ್ನ ಸುತ್ತ ಕೂತವರು ಸ್ವಲ್ಪ ಹೊತ್ತು ಏಳಲೇ ಇಲ್ಲ. ಎದ್ದಾಗ ಮುಂಬೈನವರಿಗೂ ಚಪ್ಪಾಳೆ ತಟ್ಟಿದರು. ಆ ಹಿರಿಯರು ಉಳಿದ ಎಳ್ಳುಬೆಲ್ಲವನ್ನು ಜೇಬಿಗೆ ಹಾಕಿಕೊಂಡು, ಮೊದಲ ಇನಿಂಗ್ಸಿನಲ್ಲಿ 130ಕ್ಕೆ ಆಲೌಟ್ ಆದವರು ಇಷ್ಟು ಹತ್ತಿರ ಬಂದರಲ್ಲ, ಮಹಾರಾಯ್ರೇ, ಎಂದು ನನಗೆ ಹೇಳಿ ಬಸ್ಸಿಗೆ ಹೊರಟರು. ಸ್ಕೋರ್ ಪುಸ್ತಕ ಬರೆಯದೆಯೇ ಸೋಲು ಎಲ್ಲಿ ಆಯಿತೆಂದು ಅವರಿಗೆ ಗೊತ್ತಿತ್ತು. ಮುಂದೆ 2014ರಲ್ಲಿ ವಿನಯ್ ಕುಮಾರ್ ನಾಯಕತ್ವದಲ್ಲಿ ರಣಜಿ ಗೆದ್ದೆವು, ಮರುವರ್ಷ ಮತ್ತೆ ಗೆದ್ದೆವು. ಆ ಎರಡು ಗೆಲುವಿನ ಸ್ಕೋರು ಕೇಳಿದರೆ ನಾನು ಪುಸ್ತಕ ತೆಗೆದು ನೋಡಬೇಕು. ಆರು ರನ್ನಿನ ಸೋಲು ಮಾತ್ರ ಬಾಯಿಪಾಠ.

ಹಾಗಂತ ಸೋತಾಗ ನಗುನಗುತ್ತ ಇರು ಅಂತ ನಾನು ಹೇಳುತ್ತಿಲ್ಲ. ಅಂಥ ಅಭಿಮಾನಿ ಅಭಿಮಾನಿಯೇ ಅಲ್ಲ. ಅಳು ಬಂದರೆ ಅಳು, ಗಂಡಸು ಅಳಬಾರದು ಅನ್ನುವುದೆಲ್ಲ ಹಳೇ ಪುರಾಣ. ಟೀಕೆಯನ್ನೂ ಮಾಡು. ಯಾರನ್ನು ಯಾಕೆ ಆಡಿಸಲಿಲ್ಲ, ಆ ಓವರು ಅವನಿಗೆ ಯಾಕೆ ಕೊಟ್ಟರು, ಹರಾಜಿನಲ್ಲಿ ಬೌಲರ್‌ಗಳನ್ನು ಬಿಟ್ಟು ಬ್ಯಾಟರ್‌ಗಳನ್ನೇ ಯಾಕೆ ತುಂಬಿಕೊಂಡರು ಎಂದು ಕೇಳುವ ಹಕ್ಕು ಟಿಕೆಟ್ ಕೊಂಡವನಿಗೆ ಖಂಡಿತ ಇದೆ. ಆಟವನ್ನು ಬಲ್ಲವನ ಟೀಕೆಯಲ್ಲಿ ಆಟದ ಮಾತಿರುತ್ತದೆ. ಅದರಲ್ಲಿ ಅಮ್ಮನ ಹೆಸರು, ಜಾತಿಯ ಹೆಸರು, ಪ್ರಾಣಿಯ ಹೆಸರು ಬಂತು ಅಂದರೆ ಅಲ್ಲಿಗೆ ಅವನಿಗೆ ಆಟ ಗೊತ್ತಿಲ್ಲ ಅಂತ ಅರ್ಥ. ಫಿಕ್ಸಿಂಗ್ ಅನ್ನುವ ಮಾತನ್ನೂ ಅಷ್ಟು ಸಲೀಸಾಗಿ ಎಸೆಯಬೇಡ. 2000ದಲ್ಲಿ, 2013ರಲ್ಲಿ ನಿಜವಾಗಿ ನಡೆದದ್ದುಂಟು, ತನಿಖೆಯಾಯಿತು, ಶಿಕ್ಷೆಯಾಯಿತು. ನಿನ್ನ ತಂಡ ಸೋತದ್ದೊಂದೇ ಸಾಕ್ಷಿಯಾದರೆ ಗೆದ್ದ ದಿನ ಎದುರಿನವನು ಅದನ್ನೇ ಹೇಳುತ್ತಾನೆ.

ಹುಡುಕಿದರೆ ಭದ್ರಾವತಿಯ ವಿಶ್ವನಾಥ್ ಅವರ ತಲೆಗೂ ಒಂದು ಸೋಲು ಕಟ್ಟಬಹುದಿತ್ತು. 1980ರ ಫೆಬ್ರುವರಿಯಲ್ಲಿ ಮುಂಬೈನ ಸುವರ್ಣ ಮಹೋತ್ಸವ ಟೆಸ್ಟ್, ನಮ್ಮ ವಿಶಿ ನಾಯಕ. ಇಂಗ್ಲೆಂಡಿನ ಐದು ವಿಕೆಟ್ ಬೇಗ ಬಿದ್ದಿದ್ದವು. ಬಾಬ್ ಟೇಲರ್ ಕಾಟ್‌ಬಿಹೈಂಡ್ ಎಂದು ಅಂಪೈರ್ ಬೆರಳೆತ್ತಿದ್ದರು. ಸ್ಲಿಪ್ಪಿನಲ್ಲಿದ್ದ ವಿಶಿ, ಬ್ಯಾಟಿಗೆ ತಾಗಿಲ್ಲ ಎಂದು ಹೇಳಿ ಅವರನ್ನು ವಾಪಸ್ ಕರೆಸಿದರು. ಟೇಲರ್ ಮತ್ತು ಬೋಥಂ ಜೊತೆಯಾಗಿ 171 ರನ್ ಸೇರಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಕರೆಸದೆ ಇದ್ದಿದ್ದರೆ ಅನ್ನುವವರು ಇವತ್ತೂ ಇದ್ದಾರೆ. ಅವರಿಗೂ ನನ್ನದು ಅದೇ ಮಾತು, ಕಾರ್ಡ್ ಪೂರ್ತಿ ಓದಿ. ಬೋಥಂ ಆ ಟೆಸ್ಟಿನಲ್ಲಿ 114 ರನ್ ಹೊಡೆದು 13 ವಿಕೆಟ್ ತೆಗೆದಿದ್ದ.

ಮನೆಯ ಮಾತು ಸ್ವಲ್ಪ. ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ ಪೊಲೀಸ್ ದಾಖಲೆ ತೆಗೆದು ಮೂರು ಫುಟ್‌ಬಾಲ್ ವಿಶ್ವಕಪ್‌ಗಳ ಲೆಕ್ಕ ಹಾಕಿದರು, 2002, 2006, 2010. ಇಂಗ್ಲೆಂಡ್ ಸೋತ ದಿನ ಮನೆಯೊಳಗಿನ ಹೊಡೆತ ಬಡಿತದ ದೂರು ಶೇಕಡ 38ರಷ್ಟು ಏರಿತ್ತು. ಗೆದ್ದ ಅಥವಾ ಸಮವಾದ ದಿನವೂ ಶೇಕಡ 26ರಷ್ಟು ಏರಿತ್ತಂತೆ, ಅದು ಇನ್ನೂ ನಾಚಿಕೆಗೇಡು. ನಾವೇನು ಬೇರೆ ಮಣ್ಣಿನವರಲ್ಲ. ತಟ್ಟೆ ತಳ್ಳಿ ಏಳುವುದು, ರಿಮೋಟ್ ಎಸೆಯುವುದು, ತಂಗಿ ಏನೋ ಕೇಳಿದರೆ ಗದರುವುದು, ಇವೆಲ್ಲ ಅದೇ ರೋಗದ ಮೊದಲ ಲಕ್ಷಣ. ನಿನಗಾಗಿ ಎದ್ದು ಕೂತಿದ್ದ ಅಮ್ಮ ಆರಿದ ಸಾರನ್ನು ಮತ್ತೆ ಬಿಸಿ ಮಾಡುತ್ತಾಳೆ. ಅವಳಿಗೆ ಪ್ಲೇಆಫ್ ಅಂದರೆ ಏನೆಂದೂ ಗೊತ್ತಿಲ್ಲ. ಉಣ್ಣು.

ಬೆಟ್ಟಿಂಗ್ ವಿಷಯ ಎತ್ತದೆ ಇದ್ದರೆ ಈ ಮಾತು ಅರ್ಧವಾಗುತ್ತದೆ. ಸೋತ ರಾತ್ರಿ ಎಲ್ಲರಿಗಿಂತ ಹೆಚ್ಚು ಕೆರಳುವವನನ್ನು ಗಮನಿಸಿ ನೋಡು, ಎಷ್ಟೋ ಸಲ ಅವನ ದುಡ್ಡು ಹೋಗಿರುತ್ತದೆ. ದುಡ್ಡು ಹೋದದ್ದನ್ನು ಹೇಳಿಕೊಳ್ಳಲಾಗುವುದಿಲ್ಲ, ಆಟಗಾರನನ್ನು ಬೈಯಬಹುದು. ನೂರರಿಂದ ಶುರುವಾಗಿ ಫೀಸಿನ ದುಡ್ಡು, ಬೈಕು, ಅಮ್ಮನ ಬಳೆಯವರೆಗೆ ಹೋದ ಹುಡುಗರನ್ನು ನಾನು ಕಂಡಿದ್ದೇನೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಕೇಂದ್ರ ಸರ್ಕಾರ 2025ರಲ್ಲಿ ಕಾನೂನು ತಂದು ತಡೆ ಹಾಕಿದೆ. ಆದರೆ ಊರಿನ ಬುಕ್ಕಿಗೆ ಆ್ಯಪ್ ಬೇಕಿಲ್ಲ. ಒಂದೇ ಮಾತು. ದುಡ್ಡು ಕಟ್ಟಿದ ಗಳಿಗೆಯಿಂದ ನೀನು ಯಾವ ತಂಡದ ಅಭಿಮಾನಿಯೂ ಅಲ್ಲ, ಗಿರಾಕಿ.

ಇನ್ನು ಊರಿನ ಪಂದ್ಯಾವಳಿ. ಹಬ್ಬಕ್ಕೋ ಜಾತ್ರೆಗೋ ಟೆನಿಸ್ ಬಾಲ್ ಕ್ರಿಕೆಟ್, ವಾಲಿಬಾಲ್, ಕಬಡ್ಡಿ ಇಡುತ್ತಾರೆ. ಮೊದಲ ಬಹುಮಾನ ಒಂದು ಟಗರು, ಜೊತೆಗೆ ಊರ ಗೌಡರ ಹೆಸರಿನಲ್ಲಿ ಒಂದಿಷ್ಟು ನಗದು. ಗೆರೆ ಮುಟ್ಟಿದ, ಮುಟ್ಟಲಿಲ್ಲ ಅಂತ ಶುರುವಾದ ಜಗಳ ಗೂಟ ಕಿತ್ತು ಬಡಿದಾಡುವಲ್ಲಿಗೆ ಹೋಗುತ್ತದೆ. ಟಿವಿಯಲ್ಲಿ ಕಂಡ ಆಟಗಾರನನ್ನು ನೀನು ಈ ಜನ್ಮದಲ್ಲಿ ಎದುರು ಕಾಣುವುದಿಲ್ಲ. ಪಕ್ಕದ ಊರಿನ ರೈಡರ್ ಬೆಳಗ್ಗೆ ಆರಕ್ಕೇ ಹಾಲಿನ ಡೈರಿಯಲ್ಲಿ ಕ್ಯಾನ್ ಹಿಡಿದು ನಿನ್ನ ಮುಂದೆ ನಿಂತಿರುತ್ತಾನೆ. ಒಂದು ಟಗರಿಗಾಗಿ ಎರಡು ಊರು ಮಾತು ಬಿಟ್ಟದ್ದನ್ನು ನಾನು ನೋಡಿದ್ದೇನೆ. ಆ ಟಗರನ್ನು ಗೆದ್ದವರು ಅದೇ ವಾರ ಬೇಯಿಸಿ ತಿಂದಿದ್ದರು, ಮುನಿಸು ಮಾತ್ರ ಹೆಣ್ಣು ಕೊಡುವ ತರುವ ಮಾತಿನವರೆಗೂ ಉಳಿಯಿತು.

ಆರ್‌ಸಿಬಿ ಅಭಿಮಾನಿಗಳನ್ನು ನಾನು ಇಷ್ಟು ಬೈದೆ ಅಂತ ಬೇಸರ ಮಾಡಿಕೊಳ್ಳಬೇಡ. ಹೊಗಳುವುದೂ ಇದೆ. 2009ರಲ್ಲಿ ಆರು ರನ್ನಿಂದ, 2011ರಲ್ಲಿ 58 ರನ್ನಿಂದ, 2016ರಲ್ಲಿ ಎಂಟು ರನ್ನಿಂದ ಫೈನಲ್ ಸೋತದ್ದು. 2017ರಲ್ಲಿ 49ಕ್ಕೆ ಆಲೌಟ್ ಆದದ್ದು. ಅಷ್ಟಾದರೂ ಪ್ರತಿ ವರ್ಷ ಈ ಸಲ ಕಪ್ ನಮ್ದೇ ಅಂತ ಹೇಳಿಕೊಂಡು, ಎದುರಿನವರು ನಗುವ ಮೊದಲು ತಾವೇ ನಕ್ಕು, ಮತ್ತೆ ಟಿಕೆಟ್ಟಿಗೆ ಸಾಲು ನಿಂತವರು ಇನ್ನೆಲ್ಲಿ ಸಿಗುತ್ತಾರೆ? ಹದಿನೇಳು ವರ್ಷ ಕಪ್ ಇಲ್ಲದೆಯೂ ಗ್ಯಾಲರಿ ಖಾಲಿಯಾಗಲಿಲ್ಲ, ಚಿನ್ನಸ್ವಾಮಿಗೆ ಯಾರೂ ಬೆಂಕಿ ಇಡಲಿಲ್ಲ. ಆರ್‌ಸಿಬಿಯ ಡಿವಿಲಿಯರ್ಸ್ ದಕ್ಷಿಣ ಆಫ್ರಿಕಾದ ಪರ ಆಡಲು ಬಂದರೆ ಭಾರತದ ಎದುರೇ ಅವನ ಹೆಸರು ಕೂಗಿದ ಊರು ಇದು. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ಆಸ್ಟ್ರೇಲಿಯಾದವರು ವಿಶ್ವಕಪ್ ಎತ್ತುವ ಹೊತ್ತಿಗೆ ಲಕ್ಷ ಜನರ ಕ್ರೀಡಾಂಗಣದಲ್ಲಿ ಬಹುಪಾಲು ಕುರ್ಚಿ ಖಾಲಿಯಿತ್ತು. ಅದು ಬೆಂಗಳೂರಾಗಿದ್ದರೆ ಅಷ್ಟು ಖಾಲಿಯಾಗುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ. ಇದು ನನ್ನ ಊರಿನ ಪಕ್ಷಪಾತ ಎಂದು ಬೇಕಾದರೆ ಕಳೆದುಬಿಡು. ಗ್ಯಾಲರಿಯಲ್ಲಿ ಕೂತಾಗ ಸೋಲುವುದು ನಮ್ಮವರಿಗೆ ಚೆನ್ನಾಗಿ ಬರುತ್ತದೆ. ಹೆಸರಿಲ್ಲದೆ, ಮುಖವಿಲ್ಲದೆ, ಕತ್ತಲ ಕೋಣೆಯಲ್ಲಿ ಒಬ್ಬೊಬ್ಬರೇ ಕೂತಾಗ ಬರುವುದಿಲ್ಲ.

ಕಡೆಗೂ 2025ರ ಜೂನ್ 3ರಂದು ಕಪ್ ಬಂತು, ಆರೇ ರನ್ನಿನ ಗೆಲುವು. ಮರುದಿನ ಅದೇ ಚಿನ್ನಸ್ವಾಮಿಯ ಬಾಗಿಲಲ್ಲಿ ನೂಕುನುಗ್ಗಲಿಗೆ 11 ಜನ ಸತ್ತರು. ಹೆಚ್ಚಿನವರು ನಿನ್ನ ವಯಸ್ಸಿನವರೇ. ಅದರ ಹೊಣೆ ಯಾರದೆಂಬ ವಿಚಾರಣೆ ಬೇರೆ ಮಾತು, ಅದನ್ನು ಸತ್ತ ಮಕ್ಕಳ ತಲೆಗೆ ಕಟ್ಟುವವರನ್ನೂ ನಾನು ಕಂಡೆ, ಅದಕ್ಕಿಂತ ಹೇಸಿಗೆ ಇನ್ನಿಲ್ಲ. ಆ ಮನೆಗಳಲ್ಲಿ ಇನ್ನು ಯಾವ ಕಪ್ಪಿಗೂ ಹಬ್ಬವಾಗುವುದಿಲ್ಲ. ಒಂದು ಪಂದ್ಯದ ಗೆಲುವಿಗೋ ಸೋಲಿಗೋ ಎಷ್ಟು ಬೆಲೆ ಕೊಡಬಹುದು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಅವರೇ.

ಮುಂದಿನ ಸಲ ಸೋತಾಗ ಬಹುಮಾನ ಕೊಡುವವರೆಗೆ ಕೂತಿರು, ಗೆದ್ದವರಿಗೆ ಚಪ್ಪಾಳೆ ತಟ್ಟು, ನಿನ್ನ ಚೆನ್ನೈ ಗೆಳೆಯನೋ ಮುಂಬೈ ಗೆಳತಿಯೋ ಇದ್ದರೆ ಕೈ ಕುಲುಕು. ಕಿಚಾಯಿಸಿದರೆ ಕಿಚಾಯಿಸಿಕೋ, ನಾಳೆ ನಿನ್ನ ಸರದಿ. ನಿನ್ನಿಂದ ಇನ್ನೊಂದು ಕೆಲಸ ಆಗಬೇಕು, ಅದು ನಮ್ಮಂಥ ಮುದುಕರಿಂದ ಆಗುವುದಿಲ್ಲ, ನಿಮ್ಮ ಗುಂಪುಗಳಿಗೆ ನಮ್ಮನ್ನು ಸೇರಿಸಿಕೊಂಡಿಲ್ಲವಲ್ಲ. ಸೋತ ರಾತ್ರಿ ಆ ಗುಂಪಿನಲ್ಲಿ ಒಬ್ಬ ಶುರುಮಾಡುತ್ತಾನೆ, ಒಬ್ಬ ಆಟಗಾರನ ಹೆಂಡತಿಯ ಫೋಟೊ ಹಾಕುತ್ತಾನೆ, ಇಲ್ಲ ಧರ್ಮದ ಮಾತು ಎತ್ತುತ್ತಾನೆ. ನೂರು ಜನ ಓದಿ ಸುಮ್ಮನಿರುತ್ತಾರೆ, ಹತ್ತು ಜನ ನಗುವ ಚಿಹ್ನೆ ಒತ್ತುತ್ತಾರೆ. ನೀನು ಸುಮ್ಮನಿರಬೇಡ. ಅವಳೇನು ಮಾಡಿದಳೋ, ತೆಗೆಯೋ ಅದನ್ನ, ಅಂತ ಹೆಸರು ಹಿಡಿದು ಹೇಳು. ಅವನು ನಿನ್ನ ಎಷ್ಟೇ ಹತ್ತಿರದ ಗೆಳೆಯನಾಗಿರಲಿ, ಹೇಳು.